ಸಾರಂಗದ ಎದೆಗುದಿ

ಬೇಸಗೆಯ ಒಂದು ಸಂಜೆ. ಇಂಗ್ಲೆಂಡಿನ ಹಳ್ಳಿಗಾಡಿನ ರಸ್ತೆ. ಮೇಲ್ಹೊದಿಕೆಯನ್ನು ಮಡಿಸಿದ ಕಾರೊಂದು ಇಕ್ಕೆಲದ ಹಸುರಿನ ನಡುವೆ ಸಾಗುತ್ತಿದೆ ಎಂದು ಭಾವಿಸೋಣ. ಕಾರಿಗೆ ಐವತ್ತು ವರ್ಷ ತುಂಬಿದೆ. ಆದರೂ ಅದರ ಠೀವಿ ಕುಂದಿಲ್ಲ. ನಡೆಸುವವನ ಮುಖದಲ್ಲಿ ಸಂತೃಪ್ತಿ. ಅಷ್ಟರಲ್ಲಿ ಎದುರಿನ ಉಷ್ಣಮಾಪಕದ ಮುಳ್ಳು ಮೆಲ್ಲಮೆಲ್ಲನೆ ಕೆಂಪಿನತ್ತ ಏರುತ್ತದೆ. ಮುಂಭಾಗದ ಸಂದುಗಳಿಂದ ಬಿಳಿಯ ಹಬೆ ಹೊರಚಿಮ್ಮುತ್ತದೆ. ಎಂಜಿನು ಒಮ್ಮೆ ನರಳಿ ನಿಂತುಬಿಡುತ್ತದೆ.

ಟ್ರಯಂಫ್ ಸ್ಟ್ಯಾಗ್ ಕಾರಿನ ಒಡೆಯರಲ್ಲಿ ಅನೇಕರಿಗೆ ಇದು ಅಪರಿಚಿತ ಅನುಭವವಲ್ಲ. ‘ಸ್ಟ್ಯಾಗ್’ ಎಂದರೆ ಕೋಡುಳ್ಳ ಗಂಡು ಸಾರಂಗ. ಇಟಲಿಯ ವಿನ್ಯಾಸಕಾರ ಜಿಯೋವಾನಿ ಮಿಕೆಲೊಟ್ಟಿ ರೂಪಿಸಿದ ಈ ಚೆಲುವು 1970ರಲ್ಲಿ ಮಾರುಕಟ್ಟೆಗೆ ಬಂದಿತು. ನಾಲ್ವರು ಕೂಡಬಹುದಾದ ತೆರೆದ ಕಾರು. ‘ವಿ’ ಆಕಾರದಲ್ಲಿ ಜೋಡಿಸಿದ ಎಂಟು ಸಿಲಿಂಡರುಗಳು. 2997 ಘನ ಸೆಂಟಿಮೀಟರುಗಳ ಎಂಜಿನು. 1971ರ ‘ಡೈಮಂಡ್ಸ್ ಆರ್ ಫಾರೆವರ್’ ಚಲನಚಿತ್ರದಲ್ಲಿ ಜೇಮ್ಸ್ ಬಾಂಡ್ ಏರಿದ ಕಾರುಗಳಲ್ಲಿ ಇದೂ ಒಂದು. ಆದರೆ ಕೀರ್ತಿಯ ಬೆನ್ನಿಗೇ ಅಪಕೀರ್ತಿಯೂ ಬಂದಿತು. ಸಾರಂಗದ ಎದೆ ಕುದಿಯುತ್ತದೆ ಎಂಬ ಮಾತು ಎಲ್ಲೆಡೆ ಹಬ್ಬಿತು. 1977ರಲ್ಲಿ ತಯಾರಿಕೆ ನಿಂತಾಗ, ಒಟ್ಟು ಸುಮಾರು 26,000 ಕಾರುಗಳಷ್ಟೇ ಹೊರಬಂದಿದ್ದವು.

ಈ ಎದೆಗುದಿಗೆ ಕಾರಣ ಒಂದಲ್ಲ. ಎಂಜಿನನ್ನು ತಣಿಸುವ ನೀರನ್ನು ಸುತ್ತಿಸುವ ಪಂಪನ್ನು ಎರಡು ಸಿಲಿಂಡರ್ ಸಾಲುಗಳ ನಡುವಣ ಕಣಿವೆಯಲ್ಲಿ, ಬಹಳ ಎತ್ತರದಲ್ಲಿ ಕೂರಿಸಲಾಗಿತ್ತು. ನೀರಿನ ಮಟ್ಟ ತುಸು ಇಳಿದರೂ ಪಂಪಿಗೆ ನೀರು ಎಟುಕದು. ಅದು ಬರಿಯ ಗಾಳಿಯನ್ನು ಕಡೆಯತೊಡಗುತ್ತದೆ. ಎಷ್ಟೋ ಎಂಜಿನುಗಳ ಒಳಗೆ ಎರಕ ಹೊಯ್ದಾಗಿನ ಮರಳು ಹಾಗೆಯೇ ಉಳಿದು, ನೀರಿನ ದಾರಿಗಳನ್ನು ಮುಚ್ಚಿತು. ಅಲ್ಲದೆ, ಕೆಳಗಿನ ಬ್ಲಾಕು ಎರಕದ ಕಬ್ಬಿಣದ್ದು. ಮೇಲಿನ ಹೆಡ್ಡು ಅಲ್ಯೂಮಿನಿಯಮಿನದು. ಕಾವೇರಿದಾಗ ಇವೆರಡೂ ಸಮನಾಗಿ ಹಿಗ್ಗುವುದಿಲ್ಲ. ಕಾವು ಮಿತಿಮೀರಿದರೆ ಹೆಡ್ಡು ಸೊಟ್ಟಗಾಗಿ, ನಡುವಣ ಗ್ಯಾಸ್ಕೆಟ್ಟು ಕೆಟ್ಟುಹೋಗುತ್ತದೆ. ತುಕ್ಕು ತಡೆಯುವ ದ್ರಾವಣವನ್ನು ಚಳಿಗಾಲ ಕಳೆದೊಡನೆ ಚೆಲ್ಲಿ ಬರಿಯ ನೀರು ತುಂಬುವ ಹಳೆಯ ರೂಢಿಯೂ ಈ ಎಂಜಿನಿಗೆ ವಿಷವಾಯಿತು.

ಹೀಗೆ ರಸ್ತೆಯ ಬದಿಯಲ್ಲಿ ನಿಂತವನು ಮೊದಲು ಮಾಡಬೇಕಾದುದೇನು? ಏನನ್ನೂ ಮಾಡದಿರುವುದೇ! ಒತ್ತಡದಲ್ಲಿರುವ ರೇಡಿಯೇಟರಿನ ಮುಚ್ಚಳವನ್ನು ಆಗಲೇ ತೆರೆದರೆ ಕುದಿನೀರು ಮುಖಕ್ಕೆ ಎರಚುತ್ತದೆ. ಕಾದ ಎಂಜಿನಿಗೆ ತಣ್ಣೀರು ಸುರಿದರೆ ಲೋಹ ಬಿರುಕುಬಿಡಬಹುದು. ‘ಇನ್ನೊಂದೇ ಮೈಲಿ’ ಎಂದು ಮತ್ತೆ ಚಾಲೂ ಮಾಡಿದರೆ, ಸಾವಿರಕ್ಕೆ ಮುಗಿಯಬೇಕಾದ ವೆಚ್ಚ ಲಕ್ಷಕ್ಕೆ ಏರುತ್ತದೆ. ಎಂಜಿನು ಸಂಪೂರ್ಣವಾಗಿ ತಣಿಯಲಿ. ಕಾರು ಇನ್ನೊಂದು ವಾಹನದ ನೆರವಿನಿಂದ ಮನೆ ಸೇರಲಿ.

ಅನಂತರ ಪರೀಕ್ಷೆ. ಎಂಜಿನ್ ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಅದರೊಳಗೆ ನೀರು ಸೇರಿದೆ ಎಂದರ್ಥ. ಹೆಡ್ಡನ್ನು ಬಿಚ್ಚುವುದೇ ಒಂದು ತಪಸ್ಸು. ಅದನ್ನು ಹಿಡಿದಿರುವ ಉಕ್ಕಿನ ಮೊಳೆಗಳು ಎರಡು ಬೇರೆ ಬೇರೆ ಕೋನಗಳಲ್ಲಿ ನಿಂತಿವೆ. ವರ್ಷಗಳ ತುಕ್ಕಿನಿಂದ ಅವು ಅಲ್ಯೂಮಿನಿಯಮಿಗೆ ಅಂಟಿಕೊಂಡಿರುತ್ತವೆ. ಬಲಪ್ರಯೋಗ ಸಲ್ಲದು, ತಾಳ್ಮೆಯೊಂದೇ ದಾರಿ. ಸೊಟ್ಟಗಾದ ಹೆಡ್ಡನ್ನು ಯಂತ್ರಶಾಲೆಯಲ್ಲಿ ಸಮತಟ್ಟು ಮಾಡಿಸಬೇಕು, ಬ್ಲಾಕಿನ ಒಳಗಿನ ಕಸವನ್ನು ಪೂರ್ತಿ ತೊಳೆಯಬೇಕು. ಬೇರಿಂಗುಗಳನ್ನು ನೋಡಬೇಕು. ಕ್ಯಾಮ್ ದಂಡಗಳನ್ನು ತಿರುಗಿಸುವ ಸರಪಳಿಗಳನ್ನು ಬದಲಿಸಬೇಕು. ಅವು ಸಡಿಲಗೊಂಡು ಹಲ್ಲು ತಪ್ಪಿದರೆ ವಾಲ್ವುಗಳು ಪಿಸ್ಟನ್ನುಗಳಿಗೆ ಬಡಿದು ಬಾಗುತ್ತವೆ.

ಈ ಪಟ್ಟಿಯನ್ನೂ ಖರ್ಚಿನ ಅಂದಾಜನ್ನೂ ಕಂಡವನಿಗೆ ಸಹಜವಾಗಿಯೇ ಒಂದು ಪ್ರಶ್ನೆ ಕಾಡುತ್ತದೆ: ಈ ರೋಗಿಷ್ಠ ಹೃದಯವನ್ನೇ ಕಿತ್ತುಹಾಕಿ ಬೇರೊಂದನ್ನು ಇಡಬಾರದೇಕೆ? ಹಿಂದೆ ಅನೇಕರು ಹಾಗೆಯೇ ಮಾಡಿದರು. ಕೆಲವರು ರೋವರ್ ಕಾರಿನ ಮೂರೂವರೆ ಲೀಟರಿನ ಹಗುರವಾದ ಎಂಜಿನನ್ನು ಇರಿಸಿದರು. ಕೆಲವರು ಫೋರ್ಡಿನ ಆರು ಸಿಲಿಂಡರುಗಳ ಎಂಜಿನಿಗೆ ಶರಣಾದರು. ಕಾರು ಓಡಿತು, ಕುದಿಯಲಿಲ್ಲ. ಅವರ ನಿರ್ಧಾರವನ್ನು ಹಳಿಯುವಂತಿಲ್ಲ. ನಿತ್ಯದ ಓಡಾಟಕ್ಕೆ ಕಾರು ಬೇಕಾಗಿದ್ದವನು ಮತ್ತೇನು ಮಾಡಿಯಾನು? ಆದರೆ ಆ ಎಂಟು ಸಿಲಿಂಡರುಗಳ ಗಂಭೀರ ನಾದಕ್ಕೆ ಮನಸೋತು ಸ್ಟ್ಯಾಗನ್ನು ಕೊಂಡವನಿಗೆ ಉಳಿಯುವುದು ಹಳೆಯ ಮೈ ಮಾತ್ರ.

ಕಾಲ ಕಳೆದಂತೆ, ಈ ಕಾರನ್ನು ನಚ್ಚಿಕೊಂಡವರು ಒಂದು ಸತ್ಯವನ್ನು ಕಂಡುಕೊಂಡರು. ಕಾರಣಗಳನ್ನು ಅರಿತು ಒಂದೊಂದನ್ನೇ ತಿದ್ದಿದರೆ ಮೂಲ ಎಂಜಿನೂ ನಂಬಿಕೆಗೆ ಅರ್ಹವೇ. ಶುಚಿಯಾದ ಬ್ಲಾಕು, ಹೆಚ್ಚು ಸಾಮರ್ಥ್ಯದ ರೇಡಿಯೇಟರು, ಸದಾ ತುಂಬಿದ ನೀರು, ವರ್ಷವಿಡೀ ತುಕ್ಕುನಿರೋಧಕ, ಹೊತ್ತಿಗೆ ಸರಿಯಾಗಿ ಹೊಸ ಸರಪಳಿ: ಔಷಧಿ ಇಷ್ಟೇ. ಅಂದು ಬೇಡವೆಂದು ಮೂಲೆಗೆ ಎಸೆದ ಮೂಲ ಎಂಜಿನುಗಳನ್ನು ಹುಡುಕಿ ತಂದು ಮತ್ತೆ ಕೂರಿಸಿದವರೂ ಉಂಟು.

ಹೀಗೆ ತಿಂಗಳುಗಟ್ಟಲೆಯ ದುಡಿಮೆಯ ಬಳಿಕ ಅದೇ ಹಳ್ಳಿಗಾಡಿನ ರಸ್ತೆಯಲ್ಲಿ ಸಾರಂಗ ಮತ್ತೆ ಓಡಬಹುದು. ಇಕ್ಕೆಲದ ಹಸುರು ಅದೇ, ಸಂಜೆಯ ತಂಗಾಳಿಯೂ ಅದೇ. ಒಡೆಯನ ಕಣ್ಣು ಮಾತ್ರ ಆಗಾಗ ಉಷ್ಣಮಾಪಕದತ್ತ ಹೊರಳುತ್ತದೆ. ಮುಳ್ಳು ನಡುವೆಯೇ ನಿಂತಿರುತ್ತದೆ. ಆದರೂ ಆತ ನೋಡುವುದನ್ನು ಬಿಡುವುದಿಲ್ಲ; ಬಿಡಲೂ ಬಾರದು.