ಅಂಕಪಟ್ಟಿಗಿಂತ ಮೊದಲು ಹಾಜರಿ ಪುಸ್ತಕ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಜಿಲ್ಲಾವಾರು ಪಟ್ಟಿಯಲ್ಲಿ 'ಬೆಂಗಳೂರು ದಕ್ಷಿಣ' ಎಂಬ ಹೆಸರು ಕಾಣುತ್ತದೆ. 2025ರಲ್ಲಿ ರಾಮನಗರಕ್ಕೆ ಇಟ್ಟ ಹೊಸ ಹೆಸರೂ ಅದೇ ಆದ್ದರಿಂದ ಗೊಂದಲವಾಗುವುದು ಸಹಜ. ಆದರೆ ಪಟ್ಟಿಯಲ್ಲಿರುವುದು ಶಿಕ್ಷಣ ಇಲಾಖೆ ತನ್ನ ಆಡಳಿತಕ್ಕೆಂದು ಗೆರೆ ಎಳೆದುಕೊಂಡ ಶೈಕ್ಷಣಿಕ ಜಿಲ್ಲೆ. ರಾಜ್ಯದಲ್ಲಿ ಕಂದಾಯ ಜಿಲ್ಲೆಗಳು 31 ಇದ್ದರೆ ಶೈಕ್ಷಣಿಕ ಜಿಲ್ಲೆಗಳು 35. ಚಿಕ್ಕೋಡಿ, ಶಿರಸಿ, ಮಧುಗಿರಿ ಬೇರೆಯಾಗಿವೆ; ಬೆಂಗಳೂರು ನಗರ ಉತ್ತರ, ದಕ್ಷಿಣ ಎಂದು ಎರಡಾಗಿದೆ. ದಕ್ಷಿಣದ ಉಪನಿರ್ದೇಶಕರ ಕೆಳಗೆ ವಲಯಗಳು, ವಲಯಕ್ಕೊಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ, ಅವರ ಕೆಳಗೆ ಕ್ಲಸ್ಟರ್‌ಗಳು. ಮಡಿವಾಳದ ಸರ್ಕಾರಿ ಶಾಲೆಗೆ ಹೋಗುವ ಮಗುವಿನ ಓದಿನ ಲೆಕ್ಕ ಈ ಏಣಿ ಹತ್ತಿ ಮೇಲೆ ಹೋಗುತ್ತದೆ.

ಅಮೆರಿಕದಲ್ಲಿ ಒಂದು ಪುಟ್ಟ ಊರಿನ ಶಾಲಾ ಜಿಲ್ಲೆಗೂ ಸಾಮಾನ್ಯವಾಗಿ ಚುನಾಯಿತ ಮಂಡಳಿ ಇರುತ್ತದೆ, ತೆರಿಗೆಯ ಪಾಲಿರುತ್ತದೆ, ಶಿಕ್ಷಕರನ್ನು ನೇಮಿಸುವ ಅಧಿಕಾರವಿರುತ್ತದೆ. ನಮ್ಮ ವಲಯಕ್ಕೆ ಇವು ಯಾವುವೂ ಇಲ್ಲ. ನೇಮಕ, ವರ್ಗಾವಣೆ, ಪಠ್ಯ, ಹಣ ಎಲ್ಲವೂ ಮೇಲಿನಿಂದಲೇ. ಊರಿನವರ ಕೈಗೆ ಸಿಕ್ಕಿದ್ದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನಿಂದ 2001ರಲ್ಲಿ ಹುಟ್ಟಿದ ಈ ಸಮಿತಿಯಲ್ಲಿ ಪೋಷಕರದೇ ಬಹುಮತ. ಆದರೆ ಮಡಿವಾಳದಂಥ ಕಡೆ ಸಭೆಗೆ ಬಂದರೆ ಅಂದಿನ ಕೂಲಿ ಹೋಗುತ್ತದೆ. ಬಾರದವರನ್ನು ನಿರಾಸಕ್ತರು ಎನ್ನುವುದು ತಪ್ಪು.

ಈ ಪೋಷಕರು ಯಾರು? ಮಡಿವಾಳ ಹಳೆಯ ಊರು. ಸೋಮೇಶ್ವರ ದೇವಾಲಯದ ಗೋಡೆಯ ಮೇಲೆ 13ನೇ ಶತಮಾನದ ತಮಿಳು ಶಾಸನಗಳಿವೆ. ಇಲ್ಲಿ ಹಲವು ನುಡಿಗಳು ಕೂಡಿ ಬಾಳುವುದು ಸಾಫ್ಟ್‌ವೇರ್ ಕಾಲದಲ್ಲಿ ಶುರುವಾದದ್ದಲ್ಲ. ಇಂದು ಹೊಸೂರು ರಸ್ತೆಯ ಈ ತುದಿಯಲ್ಲಿ ಮಾರುಕಟ್ಟೆಯಿದೆ, ಕೇರಳ, ತಮಿಳುನಾಡಿಗೆ ಹೊರಡುವ ಬಸ್ಸುಗಳಿವೆ, ಸಾಲು ಸಾಲು ಪಿ.ಜಿ. ಕಟ್ಟಡಗಳಿವೆ. ಆ ಕಟ್ಟಡಗಳನ್ನು ಕಟ್ಟಿದವರು, ಕಾಯುವವರು, ಅಡುಗೆ ಮಾಡುವವರು, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್‌ಗೆ ಹೋಗುವವರು ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುತ್ತಾರೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಗುಳೆ ಬಂದವರು, ಗಡಿಯಾಚೆಯ ತೆಲುಗರು, ತಮಿಳರು, ಉರ್ದು ಮನೆಮಾತಿನವರು, ಈಚೆಗೆ ಬಿಹಾರ, ಒಡಿಶಾದವರು. ಸ್ವಲ್ಪ ಆದಾಯ ಹೆಚ್ಚಾದ ಮನೆಯ ಮಗು ಬೇಗನೇ ಪಕ್ಕದ ಬೀದಿಯ ಖಾಸಗಿ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತದೆ. 2019ರಿಂದ ಸಾವಿರ ಸರ್ಕಾರಿ ಶಾಲೆಗಳ ಒಂದನೇ ತರಗತಿಯಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದದ್ದು ಈ ಹೊರಹರಿವನ್ನು ತಡೆಯಲೆಂದೇ. ಹಾಗಾಗಿ ಸರ್ಕಾರಿ ಶಾಲೆಯಲ್ಲಿ ಉಳಿದವರಲ್ಲಿ ಬಹುಪಾಲು, ಹೋಗಲು ಬೇರೆ ಜಾಗವಿಲ್ಲದವರು. ನಗರದ ಶಾಲೆಗಳ ಅಂಕಿಅಂಶ ಓದುವಾಗ ಮೊದಲು ನೆನಪಿಡಬೇಕಾದ್ದು ಇದು.

ಈಗ ಫಲಿತಾಂಶಕ್ಕೆ ಬರೋಣ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. 2024ರಲ್ಲಿ ಅದು ಶೇ 73.40ಕ್ಕೆ ಇಳಿಯಿತು. ಆ ವರ್ಷ ಕೃಪಾಂಕವನ್ನು ಹೆಚ್ಚಿಸಿದ್ದರೂ ಇಳಿಯಿತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಆದದ್ದು ಮುಖ್ಯ ಕಾರಣ ಎಂದು ಇಲಾಖೆಯೇ ಹೇಳಿತು. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾಗಲಿಲ್ಲ, ಹಿಂದಿನ ವರ್ಷ ಅಷ್ಟು ಜಾಣರಾಗಿರಲೂ ಇಲ್ಲ. ಅದೇ 2024ರಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳೆರಡೂ ಶೇ 72ರ ಆಸುಪಾಸಿನಲ್ಲಿದ್ದರೆ ಅನುದಾನರಹಿತ ಶಾಲೆಗಳು ಶೇ 86ರಲ್ಲಿದ್ದವು. ಸರ್ಕಾರದ ಸಂಬಳ ಪಡೆಯುವ, ಅರ್ಹತೆ ಪರೀಕ್ಷೆ ದಾಟಿ ಬಂದ ಶಿಕ್ಷಕರು ಅಷ್ಟು ಕಡಿಮೆ ಕಲಿಸುತ್ತಾರೆಯೇ? ನಾನು ನಂಬುವುದಿಲ್ಲ. ಆ ಅಂತರದಲ್ಲಿ ಮನೆಯ ಆದಾಯವಿದೆ, ಟ್ಯೂಷನ್ ಇದೆ, ಓದಿದ ಅಪ್ಪ ಅಮ್ಮ ಇದ್ದಾರೆ. ಹಲವು ವರ್ಷ ಮುಂದಿರುವ ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಅಕ್ಷರ ಮನೆಗೆ ಬಂದು ತಲೆಮಾರುಗಳೇ ಕಳೆದಿವೆ.

ಭಾಷೆಯ ಹೊರೆಯನ್ನೂ ತೂಗಬೇಕು. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೇ 125. ಬಾಲ್ಯವೆಲ್ಲ ಹಿಂದಿಯಲ್ಲಿ ಕಳೆದು ಆರನೆಯ ತರಗತಿಗೆ ಕನ್ನಡ ಮಾಧ್ಯಮಕ್ಕೆ ಸೇರಿದ ಮಗು ವಿಜ್ಞಾನವನ್ನೂ ಲೆಕ್ಕವನ್ನೂ ಹೊಸ ನುಡಿಯಲ್ಲೇ ಬರೆಯಬೇಕು. ಎರಡೇ ವರ್ಷದಲ್ಲಿ ಇಂಥ ಮಕ್ಕಳು ಬೀದಿಯಲ್ಲಿ ಸರಾಗ ಕನ್ನಡ ಮಾತಾಡುತ್ತಾರೆ. ಅವರಿಗೆ ಅಕ್ಷರ ತಿದ್ದಿಸುವವರು ಸರ್ಕಾರಿ ಶಾಲೆಯ ಮೇಷ್ಟ್ರು, ಟೀಚರಮ್ಮಂದಿರು. ಈ ನಗರದಲ್ಲಿ ಕನ್ನಡವನ್ನು ಹೊಸಬರಿಗೆ ದಾಟಿಸುವ ಅತಿ ದೊಡ್ಡ ಕೆಲಸ ನಡೆಯುತ್ತಿರುವುದು ಅಲ್ಲಿ, ರಾಜ್ಯೋತ್ಸವದ ವೇದಿಕೆಯ ಮೇಲಲ್ಲ. ಫಲಿತಾಂಶದ ಪಟ್ಟಿಯಲ್ಲಿ ಇದಕ್ಕೆ ಒಂದು ಕಾಲಂ ಕೂಡ ಇಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ಹಾಗೆಂದು ಎಲ್ಲವನ್ನೂ ಬಡತನದ ಮೇಲೆ ಹಾಕಿ ಕೂರುವಂತಿಲ್ಲ. ಮೂರನೆಯ ತರಗತಿಯಲ್ಲಿ ಓದಲು ಬಾರದ ಮಗು ಎಂಟಕ್ಕೆ ಬಂದರೂ ತಡವರಿಸುತ್ತದೆ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಆರಂಭವಾಗಿ ಮುಂದೆ ರಾಜ್ಯಕ್ಕೆ ಹರಡಿದ ನಲಿ-ಕಲಿ ಪದ್ಧತಿ ಇಂಥ ಮಕ್ಕಳಿಗೆ ಹೇಳಿ ಮಾಡಿಸಿದ್ದು: ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ಹತ್ತುತ್ತದೆ, ತಿಂಗಳು ಬಿಟ್ಟು ಬಂದರೂ ಬಿಟ್ಟಲ್ಲಿಂದ ಮುಂದುವರಿಯಬಹುದು. ಆದರೆ ಅದಕ್ಕೆ ಶಿಕ್ಷಕರು ಮಗುವಿನ ಪಕ್ಕದಲ್ಲೇ ಕೂರಬೇಕು. ಸಮೀಕ್ಷೆ, ಚುನಾವಣೆ, ದಾಖಲೆ ತುಂಬುವ ಕೆಲಸಕ್ಕೆ ಅವರನ್ನು ಎಬ್ಬಿಸಿದಾಗ ಆ ಮೆಟ್ಟಿಲು ಖಾಲಿ.

ಬಿಸಿಯೂಟವನ್ನೂ 2013ರಲ್ಲಿ ಬಂದ ಕ್ಷೀರಭಾಗ್ಯವನ್ನೂ ಇಲ್ಲಿ ಹೆಚ್ಚು ವಿವರಿಸಬೇಕಿಲ್ಲ. ಹಾಜರಿ ಉಳಿದಿರುವುದರಲ್ಲಿ ಅವುಗಳ ಪಾಲು ದೊಡ್ಡದು.

ಸ್ಯಾಟ್ಸ್ ಎಂಬ ತಂತ್ರಾಂಶದಲ್ಲಿ ಪ್ರತಿ ವಿದ್ಯಾರ್ಥಿಗೂ ಈಗ ಒಂದು ಸಂಖ್ಯೆಯಿದೆ. ಮಗು ಯಾವಾಗ ಸೇರಿತು, ಯಾವಾಗ ವರ್ಗಾವಣೆ ಪತ್ರ ಪಡೆಯಿತು ಎಂಬುದು ಅದರಲ್ಲಿ ದಾಖಲಾಗುತ್ತದೆ. ವಲಯದ ಫಲಿತಾಂಶ ಪ್ರಕಟಿಸುವಾಗ, ಹತ್ತನೆಯ ತರಗತಿಯವರಲ್ಲಿ ಒಂದನೆಯಿಂದ ಇಲ್ಲೇ ಓದಿದವರು ಎಷ್ಟು, ನಡುವೆ ಬಂದು ಸೇರಿದವರು ಎಷ್ಟು, ಎರಡೂ ಗುಂಪಿನಲ್ಲಿ ತೇರ್ಗಡೆಯಾದವರು ಎಷ್ಟು ಎಂದು ಬೇರೆ ಬೇರೆಯಾಗಿ ತೋರಿಸಲು ಹೊಸ ಯೋಜನೆಯೂ ಬೇಡ, ಹೊಸ ಹಣವೂ ಬೇಡ. ಉಪನಿರ್ದೇಶಕರ ಕಚೇರಿ ಮನಸ್ಸು ಮಾಡಿದರೆ ಮುಂದಿನ ಫಲಿತಾಂಶದ ಹೊತ್ತಿಗೇ ಆಗುವ ಕೆಲಸ ಇದು.