ಶಿವಗಂಗೆಯ ಪಂಡಿತ, ರಾಗಗಳ ಸಂಸಾರ

ರಾಜಾಜಿನಗರ, ಬಸವೇಶ್ವರನಗರದ ಕಡೆಯವರಿಗೆ ಶಿವಗಂಗೆ ಎಂದರೆ ಭಾನುವಾರದ ಬೆಟ್ಟ. ತುಮಕೂರು ರಸ್ತೆ ಹಿಡಿದು ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ, ಒಳಕಲ್ಲು ತೀರ್ಥಕ್ಕೆ ಕೈಯಿಟ್ಟು, ಮೇಲಿನ ಕಲ್ಲುಬಸವನ ಪಕ್ಕ ಸೆಲ್ಫಿ ತೆಗೆದುಕೊಂಡು ಇಳಿದುಬಿಡುತ್ತೇವೆ. ಆ ಬೆಟ್ಟದ ಮಗ್ಗುಲಿನ ಸಾತನೂರು ತನ್ನ ಊರೆಂದು ಹೇಳಿಕೊಂಡ ಪುಂಡರೀಕ ವಿಠ್ಠಲನನ್ನು ನೆನೆಯುವವರು ಕಡಿಮೆ.

ಹದಿನಾರನೇ ಶತಮಾನದ ಈ ಕನ್ನಡಿಗ ಉತ್ತರಕ್ಕೆ ಹೋಗಿ ಖಾಂದೇಶದ ಬುರ್ಹಾನ್ ಖಾನನ ಆಶ್ರಯದಲ್ಲಿ ‘ಸದ್ರಾಗಚಂದ್ರೋದಯ’ ಬರೆದ. 1576ರ ಅವನ ‘ರಾಗಮಾಲಾ’ದಲ್ಲಿ ರಾಗಗಳಿಗೆ ಸಂಸಾರವೇ ಇದೆ. ಗಂಡುರಾಗಗಳು ಆರು, ಒಬ್ಬೊಬ್ಬನಿಗೆ ಐವರು ಹೆಂಡಿರು, ಐವರು ಮಕ್ಕಳು. ಎಲ್ಲ ಸೇರಿ 66. ಅವರ ಮೈಬಣ್ಣ, ಉಡುಗೆ, ಒಡವೆಗಳ ವರ್ಣನೆಯೂ ಉಂಟು.

ರಾಗದ ರೂಪವನ್ನು ಹೀಗೆ ವರ್ಣಿಸುವ ಧ್ಯಾನಶ್ಲೋಕಗಳನ್ನೇ ಚಿತ್ರಕಾರರು ಪುಟ್ಟ ಹಾಳೆಗಳಿಗೆ ಇಳಿಸಿದರು; ಅಂಥ ಚಿತ್ರಗಳ ಸಾಲಿಗೂ ರಾಗಮಾಲೆ ಎಂದೇ ಹೆಸರು. ಅವರು ಹೆಚ್ಚಾಗಿ ಹಿಡಿದದ್ದು ಪುಂಡರೀಕನ ಪಟ್ಟಿಯನ್ನಲ್ಲ, ಬೇರೆಯವರದನ್ನು. ಬೂಂದಿ ಶೈಲಿಯ ಹೆಸರಾಂತ ಮಾಲೆ 1591ರಲ್ಲಿ ಕಾಶಿ ಬಳಿಯ ಚುನಾರ್‌ನಲ್ಲಿ ಸಿದ್ಧವಾಯಿತು. ತೋಡಿ ಎಂದರೆ ವೀಣೆ ಹಿಡಿದ ಹೆಣ್ಣು, ಸುತ್ತ ಜಿಂಕೆಗಳು. ಭೈರವಿ ಲಿಂಗಪೂಜೆಗೆ ಕೂತಿರುತ್ತಾಳೆ. ನನಗೆ ಹಿಡಿಸಿದ್ದು ಮಾತ್ರ ಕರ್ನಾಟ, ಅಂದರೆ ಕಾನಡ: ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಕಿತ್ತ ಆನೆದಂತ, ಎದುರಿಗೆ ಕೈಯೆತ್ತಿ ಹೊಗಳುವ ಭಟ್ಟಂಗಿಗಳು. ಎಷ್ಟೋ ಹಾಳೆಗಳಲ್ಲಿ ಅವನು ನೀಲಿಮೈಯ ಕೃಷ್ಣನೇ. ನಾಡಿನ ಹೆಸರು ಹೊತ್ತ ರಾಗಕ್ಕೆ ಸಿಕ್ಕ ಗತ್ತು ಸಣ್ಣದೇನಲ್ಲ!

ಹಾಗೆಂದು ಚಿತ್ರ ನೋಡಿ ರಾಗ ಹಿಡಿಯಲಾಗದು. ವಿಜಯನಗರದ ಮಹಡಿ ಮನೆಯ ಸಂಗೀತ ಪಾಠದಲ್ಲಿ ಮಕ್ಕಳು ಹಾಡುವ ತೋಡಿಯ ಸ್ವರಗಳು ಹಿಂದೂಸ್ತಾನಿಯಲ್ಲಿ ಭೈರವಿಯವು. ಅಲ್ಲಿನ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯವು. ಈ ಮಕ್ಕಳಿಗೆ ತೋರಿಸಬೇಕಾದ್ದು ಜಿಂಕೆಯ ಚಿತ್ರವನ್ನೋ, ಲಿಂಗದ್ದನ್ನೋ?

ಪುಂಡರೀಕ ಬರೀ ರೂಪಗಳನ್ನು ನೆಚ್ಚಿದವನಲ್ಲ. ‘ಸದ್ರಾಗಚಂದ್ರೋದಯ’ದಲ್ಲಿ ರಾಗಗಳನ್ನು 19 ಮೇಳಗಳಲ್ಲಿ, ಅಂದರೆ ಸ್ವರಗಳ ಚೌಕಟ್ಟುಗಳಲ್ಲಿ, ಅಳೆದು ಜೋಡಿಸಿದವನೂ ಅವನೇ. ದಕ್ಷಿಣ ಈ ಎರಡನೆಯ ದಾರಿಯನ್ನೇ ಹಿಡಿಯಿತು. ಹದಿನೇಳನೇ ಶತಮಾನದಲ್ಲಿ ತಂಜಾವೂರಿನಲ್ಲಿದ್ದ ವೆಂಕಟಮಖಿ, ಅವನ ಮನೆತನವೂ ಕನ್ನಡದ್ದೇ, 72 ಮೇಳಗಳ ಲೆಕ್ಕ ಹಾಕಿದ ಮೇಲೆ ಹೆಂಡಿರು ಮಕ್ಕಳ ಪಟ್ಟಿಗೆ ಇಲ್ಲಿ ಕೆಲಸ ಉಳಿಯಲಿಲ್ಲ.

ಮೈಸೂರು ಅರಮನೆ ಮಾತ್ರ ಪೂರ್ತಿ ಒಪ್ಪಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಸಿದ್ಧಪಡಿಸಿದ ‘ಶ್ರೀತತ್ತ್ವನಿಧಿ’ಯಲ್ಲಿ ದೇವತೆಗಳು, ಗ್ರಹಗಳು, ಋತುಗಳ ಜೊತೆಗೆ ರಾಗಗಳಿಗೂ ಮುಖ, ಮೈ, ಬಣ್ಣ ಕೊಡಿಸಿದರು. ಉತ್ತರದ ಆಸ್ಥಾನಗಳಲ್ಲಿ ರಾಗಮಾಲೆಯ ಕಾಲ ಅಷ್ಟರಲ್ಲಿ ಮುಗಿಯುತ್ತಾ ಬಂದಿತ್ತು.