ಹಳೆಯ ಟ್ರಕ್ಕು, ಹೊಸ ತಂತಿ

ಸಾರಿನ ರುಚಿ ಕೆಟ್ಟರೆ ಅನುಭವಸ್ಥ ಗೃಹಿಣಿ ಪಾತ್ರೆಯನ್ನು ಹೊರಗೆಸೆಯುವುದಿಲ್ಲ. ಕೊನೆಯಲ್ಲಿ ಹಾಕಿದ ಪದಾರ್ಥ ಯಾವುದೆಂದು ನೆನಪು ಮಾಡಿಕೊಳ್ಳುತ್ತಾಳೆ. ಯಂತ್ರದ ವಿಷಯ ಬಂದಾಗ ಮಾತ್ರ ಈ ವಿವೇಕ ನಮ್ಮಲ್ಲಿ ಬಹುಮಂದಿಗೆ ಮರೆತುಹೋಗುತ್ತದೆ.

ಅಮೆರಿಕದ ಅಯೋವಾ ಸಂಸ್ಥಾನದ ಸಣ್ಣ ರೈತನೊಬ್ಬನನ್ನು ಕಲ್ಪಿಸಿಕೊಳ್ಳಿ. ಅವನಲ್ಲಿರುವುದು 1978ರ ಷೆವರ್ಲೆ ಪಿಕಪ್ ಟ್ರಕ್ಕು. ತಂದೆಯ ಕಾಲದ್ದು, ಮೇವು, ಬಿತ್ತನೆಬೀಜ, ಬೇಲಿಯ ಕಂಬ, ಎಲ್ಲವನ್ನೂ ಹೊತ್ತಿದೆ. ಒಂದು ಭಾನುವಾರ ಅವನು ಎಂಜಿನ್ನಿನ ಎಂಟು ಕಿಡಿತಂತಿಗಳನ್ನು ಕಿತ್ತು ಹೊಸವನ್ನು ಜೋಡಿಸಿದ. ಎಂಜಿನ್ನಿಗೆ ಜೀವ ಬಂತು. ಆದರೆ ಜ್ವರ ಹಿಡಿದವನಂತೆ ಅದು ನಡುಗತೊಡಗಿತು. ಆಗತಾನೇ ಚಾಲೂ ಆದ, ಮುಟ್ಟಿದರೆ ತಣ್ಣಗಿದ್ದ ಎಂಜಿನ್ನು ಕುದಿಯುತ್ತಿದೆಯೆಂದು ಉಷ್ಣತೆಯ ಮುಳ್ಳು ಸಾರಿತು. ಗಾಜು ಒರೆಸುವ ವೈಪರನ್ನು ನಡೆಸಿದೊಡನೆ ಚಾಲಕನ ಮುಂದಿನ ದೀಪಗಳು ಮಂಕಾದವು.

“ಇದಕ್ಕೆ ವಯಸ್ಸಾಯಿತು. ಗುಜರಿಗೆ ಹಾಕುವುದೇ ಸರಿ” ಎಂದ, ಕೈಯೊರೆಸಿಕೊಳ್ಳುತ್ತ.

“ಬೆಳಿಗ್ಗೆ ನೀವು ಕೈಹಾಕುವ ಮುನ್ನ ಈ ಮೂರರಲ್ಲಿ ಯಾವ ತೊಂದರೆಯಿತ್ತು?” ಎಂದು ಹೆಂಡತಿ ಕೇಳಿದಳು.

“ಒಂದೂ ಇರಲಿಲ್ಲ.”

“ಹಾಗಾದರೆ ಇದಕ್ಕೆ ವಯಸ್ಸಾದದ್ದು ಬೆಳಗಿನಿಂದ ಸಂಜೆಯೊಳಗೆ ಏನು?”

ಆ ಪ್ರಶ್ನೆಯಲ್ಲಿಯೇ ಅರ್ಧ ಚಿಕಿತ್ಸೆಯಿತ್ತು. ರಿಪೇರಿಯಾದ ಮರುಕ್ಷಣ ಹುಟ್ಟಿದ ದೋಷದ ಮೂಲವನ್ನು ಮೊದಲು ಆ ರಿಪೇರಿಯಲ್ಲಿಯೇ ಹುಡುಕಬೇಕು. ಕೈ ಕೊನೆಗೆ ಹೋದ ಕಡೆಗೆ ಕಣ್ಣು ಮೊದಲು ಹೋಗಬೇಕು.

ಕಿಡಿಯ ಕಥೆ

ನಮ್ಮ ರಸ್ತೆಗಳಲ್ಲಿ ಓಡುವ ಲಾರಿಗಳು ಬಹುಪಾಲು ಡೀಸೆಲ್ಲಿನವು. ಅವುಗಳಲ್ಲಿ ಒತ್ತಿ ಕಾಯಿಸಿದ ಗಾಳಿಯೇ ಇಂಧನವನ್ನು ಹೊತ್ತಿಸುತ್ತದೆ, ಕಿಡಿಯ ಅಗತ್ಯವಿಲ್ಲ. ಪೆಟ್ರೋಲು ಎಂಜಿನ್ನಿಗಾದರೋ ಸರಿಯಾದ ಗಳಿಗೆಯಲ್ಲಿ ಕಿಡಿ ಬೀಳಲೇಬೇಕು. ಒಂದು ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಬದಲಾದಾಗ ಪಕ್ಕದ ಸುರುಳಿಯಲ್ಲಿಯೂ ವಿದ್ಯುತ್ತು ಹುಟ್ಟುತ್ತದೆಂಬುದನ್ನು 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ. ಅದೇ ತತ್ತ್ವವನ್ನು ಆಧರಿಸಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಅಮೆರಿಕದ ಎಂಜಿನಿಯರು ಮೋಟಾರುಗಾಡಿಗೆ ಒಪ್ಪುವ ಬ್ಯಾಟರಿ ಕಿಡಿವ್ಯವಸ್ಥೆಯೊಂದನ್ನು ರೂಪಿಸಿದ.

ಬ್ಯಾಟರಿಯ ಹನ್ನೆರಡು ವೋಲ್ಟು ಕಾಯಿಲಿನಲ್ಲಿ ಸಾವಿರಾರು ವೋಲ್ಟುಗಳಾಗುತ್ತದೆ. ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರು ಅದನ್ನು ಒಂದೊಂದೇ ತಂತಿಗೆ ಹಂಚುತ್ತದೆ. ತಂತಿಯ ತುದಿಯ ಪ್ಲಗ್ಗಿನಲ್ಲಿ ಅದು ಕಿಡಿಯಾಗಿ ಹಾರುತ್ತದೆ. ಎಂಟು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ನಿಮಿಷಕ್ಕೆ 12,000 ಕಿಡಿಗಳು, ಎಂದರೆ ಸೆಕೆಂಡಿಗೆ 200, ಬೀಳಬೇಕು. ಇಂಥ ಹಂಚಿಕೆಯಲ್ಲಿ ಸರದಿ ತಪ್ಪಿದರೆ ಅನರ್ಥ ತಪ್ಪದು.

ಎಂಟು ತಂತಿಗಳ ಸರದಿ

ಈ ಟ್ರಕ್ಕಿನ ಎಂಜಿನ್ನಿನಲ್ಲಿ ಎಡಸಾಲಿನ ಸಿಲಿಂಡರುಗಳಿಗೆ ಮುಂದಿನಿಂದ 1, 3, 5, 7 ಎಂದೂ ಬಲಸಾಲಿನವಕ್ಕೆ 2, 4, 6, 8 ಎಂದೂ ಅಂಕೆ. ಕಿಡಿ ಬೀಳುವ ಸರದಿ ಬೇರೆ: 1, 8, 4, 3, 6, 5, 7, 2. ರೋಟರು ಪ್ರದಕ್ಷಿಣವಾಗಿ ತಿರುಗುವುದರಿಂದ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಸುತ್ತ ತಂತಿಗಳನ್ನು ಆ ದಿಕ್ಕಿನಲ್ಲಿಯೇ, ಈ ಕ್ರಮದಲ್ಲಿಯೇ ಸಿಕ್ಕಿಸಬೇಕು.

ಸರದಿಯಲ್ಲಿ ಐದರ ಬೆನ್ನಿಗೇ ಏಳು ಬರುವುದನ್ನು ಗಮನಿಸಿ. ಎಂಜಿನ್ನಿನಲ್ಲಿಯೂ ಅವೆರಡು ಅಕ್ಕಪಕ್ಕದ ನೆರೆಮನೆಗಳು. ಆದುದರಿಂದ ಇವೆರಡರ ತಂತಿ ಅದಲುಬದಲಾಗುವುದು ಬಲು ಸುಲಭ. ಹಾಗಾದಾಗ ಏಳನೆಯದಕ್ಕೆ ಕಿಡಿ ಅಕಾಲದಲ್ಲಿ ಬೇಗ ಬೀಳುತ್ತದೆ, ಐದನೆಯದಕ್ಕೆ ತಡವಾಗಿ. ಎಂಜಿನ್ನು ನಡುಗುತ್ತದೆ, ಹೊಗೆನಳಿಕೆಯಲ್ಲಿ ಪಟಾಕಿಯಂಥ ಸದ್ದೂ ಏಳಬಹುದು. ಹೀಗೆಯೇ ಬಹುದೂರ ಓಡಿಸಿದರೆ ಪಿಸ್ಟನ್ನಿಗೇ ಅಪಾಯ.

ಅಂಕೆಗಳು ಸರಿಯಿದ್ದರೂ ಇನ್ನೊಂದು ಮೋಸವುಂಟು. ಐದರ ಮತ್ತು ಏಳರ ತಂತಿಗಳನ್ನು ಒಂದಕ್ಕೊಂದು ತಾಗಿಸಿ ಉದ್ದಕ್ಕೂ ಒಟ್ಟಿಗೆ ಕಟ್ಟಿದರೆ, ಒಂದರಲ್ಲಿ ಹರಿದ ವಿದ್ಯುತ್ತು ಇನ್ನೊಂದರಲ್ಲಿ ಕಳ್ಳಕಿಡಿಯನ್ನು ಹುಟ್ಟಿಸಬಲ್ಲುದು. ಫ್ಯಾರಡೆಯ ತತ್ತ್ವ ಇಲ್ಲಿ ಉಪಕಾರಿಯಲ್ಲ, ಉಪದ್ರವಕಾರಿ! ಈ ಎರಡು ತಂತಿಗಳ ನಡುವೆ ಅಂತರವಿರಬೇಕು. ಹಾಯಲೇಬೇಕಾದ ಕಡೆ ಅಡ್ಡಡ್ಡಲಾಗಿ ಹಾಯಬೇಕು.

ತಂತಿಯ ರಬ್ಬರು ಟೋಪಿ ಪ್ಲಗ್ಗಿನ ಮೇಲೆ ಪೂರ್ತಿ ಕೂತಿದೆಯೇ ಎಂಬುದೂ ಮುಖ್ಯ. ಕೂತಾಗ ಒಂದು ಸಣ್ಣ “ಕ್ಲಿಕ್” ಬೆರಳಿಗೆ ತಿಳಿಯುತ್ತದೆ. ಎಲ್ಲಿಯಾದರೂ ಕಿಡಿ ಸೋರುತ್ತಿದ್ದರೆ ಕತ್ತಲೆಯೇ ಅದಕ್ಕೆ ಒಳ್ಳೆಯ ಪರೀಕ್ಷಕ. ರಾತ್ರಿ ಬಯಲಿನಲ್ಲಿ ಎಂಜಿನ್ನನ್ನು ನಡೆಸಿ, ದೀಪವಾರಿಸಿ, ದೂರದಿಂದ ನೋಡಿದರೆ ಸೋರುವ ಕಡೆ ನೀಲಿ ಮಿಂಚು ಕುಣಿಯುವುದು ಕಾಣುತ್ತದೆ. ಆಗ ತಂತಿಯನ್ನು ಕೈಯಲ್ಲಿ ಹಿಡಿಯುವ ಸಾಹಸ ಯಾರಿಗೂ ಬೇಡ.

ಸುಳ್ಳು ಹೇಳುವ ಮುಳ್ಳು

ಕಿಡಿತಂತಿಗೂ ಉಷ್ಣತೆಯ ಮುಳ್ಳಿಗೂ ಏನು ಸಂಬಂಧ? ಸಂಬಂಧವಿಲ್ಲ, ಸಾಮೀಪ್ಯವುಂಟು. ಎಡಸಾಲಿನ ಒಂದನೆಯ ಮತ್ತು ಮೂರನೆಯ ಪ್ಲಗ್ಗುಗಳ ನಡುವೆ, ಎಂಜಿನ್ನಿನ ಬಿಸಿಯನ್ನು ಅಳೆಯುವ ಪುಟ್ಟ ಸಾಧನವಿದೆ. ಅದರಿಂದ ಒಂದೇ ಒಂದು ಸಣ್ಣ ತಂತಿ ಚಾಲಕನ ಮುಂದಿನ ಮುಳ್ಳಿಗೆ ಹೋಗುತ್ತದೆ. ಪ್ಲಗ್ಗಿನ ಟೋಪಿ ಕೀಳುವ ಕೈ ಅದನ್ನು ಅತ್ತಿತ್ತ ಸರಿಸಿದರೆ ಅದು ಹೊಗೆನಳಿಕೆಯ ಕಾದ ಕಬ್ಬಿಣದ ಮೇಲೆ ಬೀಳಬಹುದು. ಹೊದಿಕೆ ಕರಗಿ ಒಳತಂತಿ ಕಬ್ಬಿಣವನ್ನು ಮುಟ್ಟಿದೊಡನೆ ಮುಳ್ಳು ಕೊನೆಯ ಗೆರೆಗೆ ಹಾರುತ್ತದೆ. ತಂತಿ ಕಳಚಿಯೇ ಬಿದ್ದಿದ್ದರೆ, ಎಂಜಿನ್ನು ಎಷ್ಟು ಕಾದರೂ ಮುಳ್ಳು “ತಂಪು” ಎಂದೇ ಹೇಳುತ್ತದೆ. ಇವೆರಡರಲ್ಲಿ ಎರಡನೆಯ ಸುಳ್ಳೇ ಹೆಚ್ಚು ಅಪಾಯಕರ.

ಪರೀಕ್ಷೆ ಸರಳ. ತಣ್ಣಗಿರುವ ಎಂಜಿನ್ನಿನಲ್ಲಿ ಕೀಲಿಯನ್ನು ಮಾತ್ರ ತಿರುಗಿಸಿ, ಆ ಸಣ್ಣ ತಂತಿಯನ್ನು ಕಳಚಬೇಕು. ಮುಳ್ಳು ಕೆಳಗಿಳಿದರೆ ತಂತಿ ನಿರ್ದೋಷಿ, ಸಾಧನವನ್ನು ಶಂಕಿಸಬಹುದು. ಇಳಿಯದಿದ್ದರೆ ತಂತಿ ದಾರಿಯಲ್ಲೆಲ್ಲೋ ಕಬ್ಬಿಣವನ್ನು ತಾಗಿದೆ.

ಮರಳುವ ದಾರಿ

ಇನ್ನುಳಿದದ್ದು ಮಂಕಾದ ದೀಪ. ವಿದ್ಯುತ್ತಿಗೆ ಹೋಗುವ ದಾರಿಯಷ್ಟೇ ಮರಳುವ ದಾರಿಯೂ ಅಗತ್ಯ. ಗಾಡಿಯ ಲೋಹದ ಮೈಯೇ ಆ ದಾರಿ. ಆದರೆ ಎಂಜಿನ್ನು ರಬ್ಬರು ದಿಂಬುಗಳ ಮೇಲೆ ಕೂತಿರುವುದರಿಂದ, ಅದನ್ನೂ ಚಾಲಕನ ಮುಂದಿನ ಲೋಹದ ಗೋಡೆಯನ್ನೂ ಹೆಣೆದ ತಂತಿಯ ಪಟ್ಟಿಯೊಂದು ಬೆಸೆಯುತ್ತದೆ. ಅದಿರುವುದು ಎಂಜಿನ್ನಿನ ಹಿಂಬದಿಯಲ್ಲಿ, ಹಿಂದಿನ ಪ್ಲಗ್ಗುಗಳಿಗೆ ಕೈಹಾಕುವವನ ಮೊಣಕೈ ತಾಗುವ ಇಕ್ಕಟ್ಟಿನಲ್ಲಿ. ಹಳೆಯ ಪಟ್ಟಿ ತುಕ್ಕು ಹಿಡಿದು ಎಳೆಯೆಳೆಯಾಗಿ ಉಳಿದಿದ್ದರೆ ಅಷ್ಟು ತಾಗಿದರೂ ಸಾಕು, ಹರಿಯುತ್ತದೆ.

ವೋಲ್ಟ್‌ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣಕಂಬಕ್ಕೂ ಇನ್ನೊಂದನ್ನು ಆ ಗೋಡೆಯ ಬಣ್ಣವಿಲ್ಲದ ಲೋಹಕ್ಕೂ ಮುಟ್ಟಿಸಿ, ದೀಪ ಮತ್ತು ವೈಪರನ್ನು ಚಾಲೂ ಮಾಡಬೇಕು. ಅಂಕೆ ಸೊನ್ನೆಯ ಹತ್ತಿರ, 0.2 ವೋಲ್ಟಿನೊಳಗೆ ಇದ್ದರೆ ದಾರಿ ಚೆನ್ನಾಗಿದೆ. ಅರ್ಧ ವೋಲ್ಟು ದಾಟಿದರೆ ಮರಳುವ ದಾರಿಯಲ್ಲಿ ತಡೆಯಿದೆಯೆಂದೇ ಅರ್ಥ.

ಅಯೋವಾದ ಆ ರೈತ ಮರುದಿನ ಈ ಕ್ರಮದಲ್ಲಿಯೇ ಹುಡುಕಿದನೆನ್ನೋಣ. ಐದು ಮತ್ತು ಏಳು ಅದಲುಬದಲಾಗಿದ್ದವು. ಸಣ್ಣ ತಂತಿಯೊಂದು ಕಾದ ಕಬ್ಬಿಣಕ್ಕೆ ಅಂಟಿಕೊಂಡಿತ್ತು. ಹಿಂದಿನ ಪಟ್ಟಿ ಹರಿದು ತೂಗಾಡುತ್ತಿತ್ತು. ಹೊಸ ಕಾಯಿಲು ಬೇಕಾಗಲಿಲ್ಲ, ಹೊಸ ಬ್ಯಾಟರಿ ಬೇಕಾಗಲಿಲ್ಲ, ಗುಜರಿಯವನೂ ಬೇಕಾಗಲಿಲ್ಲ. ಎರಡು ತುಂಡು ತಂತಿ ಮತ್ತು ಒಂದು ಮುಂಜಾನೆಯಷ್ಟೇ ಖರ್ಚು.

ಇನ್ನೊಮ್ಮೆ ತಂತಿ ಬದಲಾಯಿಸುವಾಗ ಎಂಟನ್ನೂ ಒಟ್ಟಿಗೆ ಕೀಳದೆ, ಒಂದನ್ನು ತೆಗೆದು, ಅದೇ ಉದ್ದದ ಹೊಸದನ್ನು ಅದೇ ಜಾಗಕ್ಕೆ ಸೇರಿಸಿ, ಅನಂತರ ಇನ್ನೊಂದಕ್ಕೆ ಕೈಹಾಕಿದರೆ ಸರದಿ ತಪ್ಪುವ ಮಾತೇ ಬರುವುದಿಲ್ಲ. ಹಳೆಯದಾಯಿತೆಂಬ ಒಂದೇ ಕಾರಣಕ್ಕೆ ವಸ್ತುವಿನ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ತಂದೆ ಬಿಟ್ಟುಹೋದ ಗಾಡಿಯನ್ನು ಗುಜರಿಗೆ ಕಳಿಸುವ ಮುನ್ನ, ನಿನ್ನೆ ಅದರಲ್ಲಿ ತನ್ನ ಕೈ ಎಲ್ಲೆಲ್ಲಿ ಆಡಿತೆಂದು ಮಗನಾದವನು ಒಮ್ಮೆ ಕೇಳಿಕೊಳ್ಳುವುದು ನ್ಯಾಯ.